ನಾಲ್ಕು ಸೆಕೆಂಡಿನ ಕಾಫಿ

ಕಾಫಿ ಒಣಗಿಸುವ ಸಿಮೆಂಟಿನ ಕಣದ ಅಂಚಿನಲ್ಲಿ ಐದು ಸುತ್ತು ಓಡಿದರೆ ಎಂಟುನೂರು ಮೀಟರು. ತೀರ್ಥಪ್ರಸಾದ್ ಇದನ್ನು ಹಗ್ಗ ಹಿಡಿದು ಮೂರು ಸಲ ಅಳೆದಿದ್ದ. ಮೊದಲ ಸಲ ಸುತ್ತಿಗೆ ನೂರ ಅರವತ್ತು ಬಂತು. ಎರಡನೇ ಸಲ ಅರ್ಧ ಮೀಟರು ಕಡಿಮೆ ಬಂತು. ಆ ಅರ್ಧ ಮೀಟರು ಎಲ್ಲಿ ಹೋಯಿತೆಂದು ಎರಡು ದಿನ ತಲೆ ಕೆಡಿಸಿಕೊಂಡು ಮೂರನೇ ಸಲ ಅಳೆದಾಗ ಮತ್ತೆ ನೂರ ಅರವತ್ತೇ ಬಂದು ಸಮಾಧಾನವಾಯಿತು. ಪೂರ್ತಿ ಸಮಾಧಾನವೇನಲ್ಲ. ಹಗ್ಗ ಇಬ್ಬನಿಗೆ ನೆನೆದು ಬಿಗಿದುಕೊಂಡಿದ್ದರೆ?

ಹುದಿಕೇರಿಯ ಆಚೆಗಿನ ಆ ಎಸ್ಟೇಟಿನಲ್ಲಿ ಅವನು ರೈಟರ್. ಬೆಳಿಗ್ಗೆ ಹಾಜರಿ ತೆಗೆಯುವುದು, ಸಂಜೆ ಪಿಕಿಂಗ್ ಆದ ಹಣ್ಣು ತೂಗಿಸುವುದು ಅವನ ಕೆಲಸ. ಜನವರಿಯಾದ್ದರಿಂದ ಕಣದ ತುಂಬ ರೊಬಸ್ಟಾ ಕಾಫಿ ಹಣ್ಣು ಹರವಿತ್ತು. ಓಡಲು ಉಳಿದದ್ದು ಅಂಚಿನ ಎರಡು ಅಡಿ ಮಾತ್ರ. ರಸ್ತೆಯಲ್ಲಿ ಓಡಬಹುದಿತ್ತು, ಆದರೆ ಬೆಳಗಿನ ಹೊತ್ತು ಆನೆಗಳು ತೋಟದಿಂದ ಕಾಡಿಗೆ ಹಿಂತಿರುಗುವುದು ಅದೇ ರಸ್ತೆಯಲ್ಲಿ.

"ಎಷ್ಟು?" ಐದನೇ ಸುತ್ತು ಮುಗಿಸಿ, ಮೊಣಕಾಲಿಗೆ ಕೈಯೂರಿ, ಅವನ ಹೆಂಡತಿ ರಂಜಿತಾ ಕೇಳಿದಳು.

"ಮೂರು ಮೂವತ್ತನಾಲ್ಕು."

"ನಿನ್ನೆನೂ ಅದೇ."

"ಅಂದರೆ ಸ್ಥಿರತೆ ಬಂದಿದೆ ಅಂತ."

"ಸ್ಥಿರವಾಗಿ ಫೇಲಾಗ್ತೀನಿ ಅಂತ ಕಣ್ರೀ."

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವಳು ಆರು ವರ್ಷದಿಂದ ದಿನಗೂಲಿಯ ಮೇಲೆ ಸಸಿ ಬೆಳೆಸುತ್ತಿದ್ದಳು. ಈ ಸಲ ಕಾಯಂ ಕಾವಲುಗಾರರ ಹುದ್ದೆಗೆ ಕರೆದಿದ್ದರು. ಬರೆಯುವ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಎಂಟುನೂರು ಮೀಟರಿನ ಓಟ, ಮೂರೂವರೆ ನಿಮಿಷದೊಳಗೆ. ಅದನ್ನು ದಾಟಿದವರಿಗೆ ಆಮೇಲೊಂದು ನಡಿಗೆ. ನಡಿಗೆಗೆ ರಂಜಿತಾ ಹೆದರುವವಳಲ್ಲ. ಮುಂದಿನ ಸಲ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತಿತ್ತು. ಹಾಗಾಗಿ ಇದೊಂದೇ ಸಲ, ಮತ್ತು ಇನ್ನೂ ನಾಲ್ಕು ಸೆಕೆಂಡು ಇಳಿಯಬೇಕಿತ್ತು.

ತೀರ್ಥ ಹೋದ ವರ್ಷ ಪೊನ್ನಂಪೇಟೆಯಲ್ಲಿ ಸಂಜೆ ತರಗತಿಗೆ ಹೋಗಿ, ವ್ಯಾಯಾಮ ಮತ್ತು ಆಹಾರದ ಬಗ್ಗೆ ಆರು ತಿಂಗಳ ಸರ್ಟಿಫಿಕೇಟು ಪಡೆದಿದ್ದ. ವಾರಕ್ಕೆ ಮೂರು ದಿನ, ತೂಕ ಮುಗಿಸಿ, ಬೈರಾಸಿನಲ್ಲಿ ಮುಖ ಒರೆಸಿಕೊಂಡು ಸ್ಕೂಟರ್ ಹತ್ತುತ್ತಿದ್ದ. ಉಳಿದ ಹತ್ತು ಮಂದಿ ಜಿಮ್ಮಿನ ಹುಡುಗರು. ಅವರಿಗೆ ಬೇಕಾದದ್ದು ತೋಳು. ಇವನಿಗೆ ಬೇಕಾದದ್ದು ರಂಜಿತಾಳ ಓಟ. ಪಾಠದ ನೋಟ್ಸನ್ನು ಜೆರಾಕ್ಸ್ ಮಾಡಿಸಿ, ಅದಕ್ಕೆ ಹಾಜರಿ ಪುಸ್ತಕದ ರಟ್ಟು ಹಾಕಿ ಇಟ್ಟುಕೊಂಡಿದ್ದ. ಅದರಲ್ಲಿ ಓದಿದ್ದನ್ನು ಅವನು ನಂಬಿದ್ದ. ತಾನು ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಂದು ಮಾತ್ರ ಯಾವತ್ತೂ ನಂಬಿಕೆ ಬಂದಿರಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆದಿತ್ತು. ಓಡುವ ಮುಂಚೆ ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟುತ್ತಿದ್ದುದನ್ನು ಬಿಡಿಸಿದ. ಬದಲಿಗೆ ಹತ್ತು ನಿಮಿಷ ನಡಿಗೆ, ಮಂಡಿ ಎತ್ತಿ ಜಿಗಿತ, ಕಾಲು ಬೀಸುವುದು, ಕೊನೆಗೆ ಮೂರು ಚಿಕ್ಕ ಓಟ. ಮೈ ಬೆವರಿದ ಮೇಲೆಯೇ ಸ್ಟಾಪ್‌ವಾಚು. ಓಟಕ್ಕೆ ಒಂದೂವರೆ ಗಂಟೆ ಮುಂಚೆ ಎರಡು ಬಾಳೆಹಣ್ಣು. ಮೂರು ತಿಂಗಳಲ್ಲಿ ಮೂರು ಐವತ್ತೆರಡು ಇದ್ದದ್ದು ಮೂರು ಮೂವತ್ತನಾಲ್ಕಕ್ಕೆ ಇಳಿಯಿತು. ನಡುವೆ ಬೀಟ್‌ರೂಟ್ ರಸ ಕುಡಿಸಿದ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗಿದ್ದದ್ದು ಕಂಡು ರಂಜಿತಾ ಬಚ್ಚಲಿನಿಂದ ಹೆದರಿ ಕೂಗಿಕೊಂಡಳು. ಅವನ ತಾಯಿ ಪೊನ್ನಮ್ಮ ಆಸ್ಪತ್ರೆಗೆ ಜೀಪು ಹೇಳಿಯೇಬಿಟ್ಟಿದ್ದರು. ಅದು ಬರೀ ಬೀಟ್‌ರೂಟಿನ ಬಣ್ಣ ಎಂದು ಗೊತ್ತಾದ ಮೇಲೆ ಅತ್ತೆ ಸೊಸೆ ಇಬ್ಬರೂ ಒಂದು ವಾರ ಅವನನ್ನು 'ಡಾಕ್ಟ್ರೇ' ಎಂದು ಕರೆದರು. ಜಿಮ್ಮಿನವರು ಕೊಟ್ಟ ಒಂದು ಪುಡಿಯ ಡಬ್ಬಿಯನ್ನು, ಹಿಂದಿನ ಚಿಕ್ಕ ಅಕ್ಷರ ಓದಿ, ಅರ್ಥವಾಗದ ಹೆಸರು ಐದಕ್ಕಿಂತ ಹೆಚ್ಚು ಇದ್ದದ್ದರಿಂದ ವಾಪಸು ಕೊಟ್ಟು ಬಂದಿದ್ದ.

ಆದರೆ ಮೂರು ವಾರದಿಂದ ಮೂರು ಮೂವತ್ತನಾಲ್ಕು ಅಲುಗಾಡದೆ ಕೂತಿತ್ತು. ಪರೀಕ್ಷೆಗೆ ಒಂಬತ್ತು ದಿನ.

ಆ ಮಧ್ಯಾಹ್ನ, ಆಫೀಸಿನಲ್ಲಿ ಬುತ್ತಿ ಬಿಚ್ಚುವುದನ್ನೂ ಮರೆತು, ಅವನು ನೋಟ್ಸಿನ ಮೂವತ್ತೊಂದನೇ ಪುಟ ಓದಿದ. ಕೆಫೀನ್ ಓಟಕ್ಕೆ ಒಳ್ಳೆಯದು. ದೇಹತೂಕದ ಕಿಲೋಗೆ ಮೂರು ಮಿಲಿಗ್ರಾಂ. ಒಂದು ಗಂಟೆ ಮುಂಚೆ. ಅದರ ಕೆಳಗೆ ಒಂದು ಸಾಲು: ದಿನವೂ ಕಾಫಿ ಕುಡಿಯುವವರಿಗೆ ಇದರ ಪರಿಣಾಮ ಕಡಿಮೆ, ಆದ್ದರಿಂದ ಕೆಲವು ದಿನ ಮುಂಚೆ ಕಾಫಿ ಬಿಡಬೇಕೆಂದು ಕೆಲವರ ಅಭಿಪ್ರಾಯ.

ಅವನ ಮನೆಯಲ್ಲಿ ದಿನಕ್ಕೆ ಐದು ಲೋಟ ಬೆಲ್ಲದ ಕಾಫಿ ಕುಡಿಯುವವಳು ರಂಜಿತಾ. ಎದ್ದ ಕೂಡಲೇ ಒಂದು, ಓಡಿ ಬಂದು ಒಂದು, ನರ್ಸರಿಗೆ ಫ್ಲಾಸ್ಕಿನಲ್ಲಿ ಎರಡು, ಸಂಜೆಗೊಂದು. ಅದೂ ಪೊನ್ನಮ್ಮ ಕಬ್ಬಿಣದ ಬಾಣಲೆಯಲ್ಲಿ ಹುರಿದ, ಒಂದು ಕಾಳು ಬೆರಕೆಯಿಲ್ಲದ ರೊಬಸ್ಟಾ. ಓಟದ ದಿನ ಕಾಫಿ ಕುಡಿದರೂ ಅವಳಿಗೆ ಅದು ನೀರು ಕುಡಿದ ಹಾಗೆ. ಅದೇ ಒಂದು ವಾರ ಬಿಟ್ಟು, ಆ ದಿನ ಗಟ್ಟಿ ಡಿಕಾಕ್ಷನ್ ಕೊಟ್ಟರೆ? ನಾಲ್ಕು ಸೆಕೆಂಡು ಅಲ್ಲಿಯೇ ಇತ್ತು, ಕಣ್ಣೆದುರು. 'ಕೆಲವರ ಅಭಿಪ್ರಾಯ' ಎನ್ನುವುದನ್ನು ಅವನು ಓದಿದ. ಓದಿ, ಆ ಕೆಲವರು ತಿಳಿದವರೇ ಇರಬೇಕು ಅಂದುಕೊಂಡ.

ಹೇಳಿದರೆ ಅವಳು ನಗುತ್ತಾಳೆ. ಬೀಟ್‌ರೂಟಿನ ಕಥೆ ಇನ್ನೂ ಹಳತಾಗಿರಲಿಲ್ಲ.

ಅವತ್ತು ಸಂಜೆ ಅವನು ಕಾಫಿಪುಡಿಯ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಆಫೀಸಿನ ಬೀರುವಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಹಿಂದೆ ಇಟ್ಟ. ಕುಟ್ಟದವರೆಗೆ ಹೋಗಿ ಕೆಫೀನೇ ಇಲ್ಲದ ಚಿಕೋರಿ ಬೇರಿನ ಪುಡಿ ಅರ್ಧ ಕಿಲೋ ತಂದ. ಅಂಗಡಿಯವನು, "ಕಾಫಿಪುಡಿ ಎಷ್ಟು?" ಎಂದು ಕೇಳಿದ. "ಬೇಡ, ಬರೀ ಚಿಕೋರಿ" ಎಂದಾಗ ಆ ಮನುಷ್ಯ ಇವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿಕೊಂಡ. ಬಣ್ಣಕ್ಕೆ, ವಾಸನೆಗೆ ಎಂದು ಮೊದಲೇ ತೆಗೆದಿಟ್ಟಿದ್ದ ಒಂದೇ ಒಂದು ಚಮಚ ನಿಜವಾದ ಪುಡಿ ಬೆರೆಸಿ ತೀರ್ಥ ಅದನ್ನು ಬೇರೆ ಡಬ್ಬಿಗೆ ತುಂಬಿದ. ಅಡುಗೆಮನೆಯ ಕಟ್ಟೆಯ ಮೇಲೆ ಚೆಲ್ಲಿದ್ದನ್ನು ಮೂರು ಸಲ ಒರೆಸಿದ.

ಪೊನ್ನಮ್ಮ ಮೊದಲ ಗುಟುಕಿಗೇ ಲೋಟ ಕೆಳಗಿಟ್ಟರು.

"ಇದೆಂಥ ತೀರ್ಥ? ಕಾಫಿಯಾ, ಕಷಾಯವಾ?"

"ಪುಡಿ ಆಫೀಸಿಗೆ ಕೊಟ್ಟೆ ಅವ್ವ. ಮ್ಯಾನೇಜರ ಮನೆಗೆ ನೆಂಟರು ಬಂದಿದ್ರು. ಇದು ಅಂಗಡಿದು. ಬೀಜ ಮಿಲ್ಲಿಗೆ ಕೊಟ್ಟಿದ್ದೇನೆ, ಮುಂದಿನ ವಾರ ಬರ್ತದೆ."

"ಕಾಫಿ ತೋಟದ ರೈಟರ್‌ನ ಮನೇಲಿ ಅಂಗಡಿ ಪುಡಿ! ಯಾರಾದ್ರೂ ಕೇಳ್ರೆ ಎಂಥ ಹೇಳುವೊ?"

"ಒಂದು ವಾರ ತಾನೇ ಅತ್ತೆ," ಎಂದಳು ರಂಜಿತಾ. ಅವಳು ಕುಶಾಲನಗರದ ಕಡೆಯವಳು, ಹಾಸನದಿಂದ ಬಂದು ಅಲ್ಲಿ ನೆಲೆ ನಿಂತ ರೈತರ ಮನೆಯ ಮಗಳು. ಕಾಫಿಯ ವಿಷಯದಲ್ಲಿ ಪೊನ್ನಮ್ಮನಷ್ಟು ಹಟದವಳಲ್ಲ. "ಬೆಲ್ಲ ಜಾಸ್ತಿ ಹಾಕಿದ್ರೆ ಇಳಿಯುತ್ತೆ."

ತೀರ್ಥನೂ ಅದನ್ನೇ ಕುಡಿದ. ಅವರಿಗೆ ಇಲ್ಲದ್ದು ತನಗೂ ಬೇಡ ಎಂಬ ನ್ಯಾಯ ಅವನದು. ಬಾಯಿಗೆ ಹತ್ತಿದ್ದು ಚಿಕೋರಿಯ ಕಹಿಯೋ ಹೇಳಿದ ಸುಳ್ಳಿನ ಕಹಿಯೋ ತಿಳಿಯಲಿಲ್ಲ.

ಎರಡನೇ ದಿನದ ಸಂಜೆಗೆ ರಂಜಿತಾ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದಳು. ಪೊನ್ನಮ್ಮ ಹಣೆಗೆ ಶುಂಠಿ ಅರೆದು ಹಚ್ಚಿಕೊಂಡಿದ್ದರು. ತೀರ್ಥನಿಗೂ ಕಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯುತ್ತಿದ್ದ ಹಾಗೆ ಆಗುತ್ತಿತ್ತು.

"ಗೂಡೆಗೂ ತಲೆಬೇನೆ, ನಂಗೂ ಉಟ್ಟು, ನಿಂಗೂ ಉಟ್ಟು," ಎಂದರು ಪೊನ್ನಮ್ಮ, ಸೊಸೆಯ ಕಡೆ ಕೈ ತೋರಿಸಿ. "ಮನೆಗೇ ಯಾರ್ದೋ ಕಣ್ಣು ಬಿದ್ದುಟ್ಟು."

"ಕಣ್ಣು ಬಿದ್ದದ್ದಲ್ಲ, ಚಳಿ ಅವ್ವ," ಎಂದ ತೀರ್ಥ. ಇದು ಎರಡನೇ ಸುಳ್ಳು.

ಮೂರನೇ ದಿನ ಮೂರು ನಲವತ್ತೊಂದು. ನಾಲ್ಕನೇ ದಿನ ಮೂರು ನಲವತ್ತೇಳು. ರಂಜಿತಾ ಕೊನೆಯ ಸುತ್ತಿನಲ್ಲಿ ಓಡುತ್ತಿರಲಿಲ್ಲ, ನೀರಿನಲ್ಲಿ ನಡೆಯುವವಳ ಹಾಗೆ ಕಾಲು ಎಳೆಯುತ್ತಿದ್ದಳು. ಮುಗಿಸಿ, ಹರವಿದ ಕಾಫಿಯ ಪಕ್ಕ ಕೂತುಬಿಟ್ಟಳು. ಒಣಗುತ್ತಿದ್ದ ಹಣ್ಣನ್ನು ಬೆರಳಲ್ಲಿ ಒಂದೊಂದಾಗಿ ಹೊರಳಿಸುತ್ತ, "ನಂಗೆ ವಯಸ್ಸಾಯ್ತು ಅನ್ಸುತ್ತೆ," ಎಂದಳು.

"ಮೂವತ್ತೆರಡೂ ತುಂಬಿಲ್ಲ ನಿನಗೆ."

"ಕಾಲಿಗೆ ಗೊತ್ತಾಗಲ್ವಾ? ನೀವು ಇಷ್ಟು ಕಷ್ಟಪಟ್ಟು ಓದಿ ಹೇಳಿಕೊಟ್ರಿ. ನಂದೇ ಕೆಲಸಕ್ಕೆ ಬಾರದ ಮೈ."

ಆಗಲೇ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಅವಳು ಈ ಕ್ಷಣವೇ ಹೋಗಿ ಕಾಫಿ ಕುಡಿಯುತ್ತಾಳೆ, ನಾಲ್ಕು ದಿನದ ನೋವು ದಂಡವಾಗುತ್ತದೆ. ಪುಸ್ತಕದ ಪ್ರಕಾರ ಈಗ ಎಷ್ಟು ಇಳಿದರೆ ಆಮೇಲೆ ಅಷ್ಟು ಏರಬೇಕು. ಪುಸ್ತಕದಲ್ಲಿ ಹಾಗೆ ಇತ್ತೇ? ಅಥವಾ ಅದನ್ನು ಅವನೇ ಸೇರಿಸಿಕೊಂಡನೇ? ಹಾಜರಿ ತೆಗೆಯುವಾಗ ಅವನು ಇಬ್ಬರ ಹೆಸರು ಎರಡೆರಡು ಸಲ ಕೂಗಿದ. ಮಧ್ಯಾಹ್ನ ಮತ್ತೆ ಪುಟ ತೆರೆದ. ಇಳಿಯುವುದರ ಬಗ್ಗೆ ಅಲ್ಲಿ ಏನೂ ಇರಲಿಲ್ಲ.

ಐದನೇ ದಿನ ರಾತ್ರಿ ಅವನು ಸಂಜೆ ತರಗತಿಯ ಮೇಷ್ಟ್ರು ದೀಪಕ್ ಅವರಿಗೆ ಫೋನ್ ಮಾಡಿದ. ತನ್ನ ಮನೆಯ ವಿಷಯ ಎನ್ನಲಿಲ್ಲ; ಗೊತ್ತಿರುವ ಒಬ್ಬರು ಎಂದ.

"ಪರೀಕ್ಷೆಗೆ ಎಷ್ಟು ದಿನ ಇದೆ?"

"ನಾಲ್ಕು, ಸಾರ್."

"ಈಗ ಕಾಫಿ ಬಿಡಿಸಿದ್ದಾರಾ? ಯಾವ ಪುಣ್ಯಾತ್ಮ ಬಿಡಿಸಿದ್ದು?"

ತೀರ್ಥ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ನೋಡಿ ತೀರ್ಥಪ್ರಸಾದ್, ಬಿಟ್ಟು ಕುಡಿದರೆ ಹೆಚ್ಚು ಉಪಯೋಗ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಬಿಟ್ಟಾಗ ತಲೆನೋವು, ಸುಸ್ತು ಬರೋದು ಮಾತ್ರ ಗ್ಯಾರಂಟಿ. ನಾನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದೆನಲ್ಲ, ಪರೀಕ್ಷೆಯ ವಾರದಲ್ಲಿ ಹೊಸತೇನೂ ಮಾಡಬಾರದು ಅಂತ. ಅವರಿಗೆ ಮಾಮೂಲಿ ಕಾಫಿ ಕುಡೀಲಿಕ್ಕೆ ಹೇಳಿ. ಇವತ್ತಿನಿಂದಲೇ."

ಬರೆದಿದ್ದರು. ಅವನ ನೋಟ್ಸಿನ ಮೊದಲ ಪುಟದಲ್ಲೇ ಇತ್ತು, ಕೆಂಪು ಶಾಯಿಯಲ್ಲಿ, ಅವನದೇ ಕೈಬರಹದಲ್ಲಿ.

ಈಗ ಡಬ್ಬಿ ಬದಲಾಯಿಸಿದರೆ ಆಯಿತು. ಬೀಜ ಮಿಲ್ಲಿನಿಂದ ಬೇಗ ಬಂತು ಎಂದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಆರನೇ ದಿನ ಸಂಜೆ ಅವನು ಅದೇ ಲೆಕ್ಕದಲ್ಲಿ ಬೀರುವಿನಿಂದ ಡಬ್ಬಿ ತೆಗೆದು, ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ. ಬಂದಾಗ ರಂಜಿತಾ ಕಣದಲ್ಲಿದ್ದಳು. ಹಣೆಯ ಬಟ್ಟೆ ಇರಲಿಲ್ಲ. ಅವನನ್ನು ನೋಡಿ ಎರಡೂ ಕೈ ಎತ್ತಿದಳು.

"ಮೂರು ಮೂವತ್ತಾರು! ನಾನೇ ವಾಚ್ ಹಿಡ್ಕೊಂಡು ಓಡಿದ್ದು."

"ಹೇಗೆ?"

"ಮಾತ್ರೆ," ಎಂದಳು, ಗುಟ್ಟು ಹೇಳುವವಳ ಹಾಗೆ ಹತ್ತಿರ ಬಂದು. "ತಲೆನೋವಿಗೆ ಅಂತ ನರ್ಸರಿಲಿ ಮಹಾದೇವಮ್ಮ ಕೊಟ್ಟಳು, ನನ್ನ ಜೊತೆ ಕೆಲಸ ಮಾಡ್ತಾಳಲ್ಲ, ಅವಳು. ಎರಡು ನುಂಗಿದೆ. ಒಂದು ಗಂಟೆಲಿ ತಲೆನೋವೂ ಹೋಯ್ತು, ಕಾಲೂ ಹಗುರ ಆಯ್ತು. ಹನ್ನೊಂದು ಸೆಕೆಂಡು ಕಣ್ರೀ, ಎರಡು ಮಾತ್ರೆಗೆ!"

ಅವಳು ಜೇಬಿನಿಂದ ತೆಗೆದ ಮಾತ್ರೆಯ ಪಟ್ಟಿಯನ್ನು ತೀರ್ಥ ಬೆಳಕಿಗೆ ಹಿಡಿದ. ಪ್ಯಾರಾಸಿಟಮಾಲ್ ಐನೂರು. ಅದರ ಕೆಳಗೆ, ಉಗುರಿನಷ್ಟು ಜಾಗದಲ್ಲಿ: ಕೆಫೀನ್, ಐವತ್ತು ಮಿಲಿಗ್ರಾಂ.

"ನಾನು ಯೋಚನೆ ಮಾಡಿಟ್ಟಿದ್ದೀನಿ," ಎಂದಳು ರಂಜಿತಾ. "ಪರೀಕ್ಷೆ ದಿನ ನಾಲ್ಕು ತಗೊಂಡ್ಬಿಡ್ತೀನಿ. ಎರಡಕ್ಕೆ ಮೂವತ್ತಾರು ಬಂದ್ರೆ ನಾಲ್ಕಕ್ಕೆ ಮೂವತ್ತರೊಳಗೆ ಬರಲ್ವಾ? ಆಗಲಿಲ್ಲ ಅಂದ್ರೆ ಲೈನಲ್ಲಿ ನಿಂತಾಗ ಇನ್ನೆರಡು."

"ಬೇಡ."

"ಯಾಕೆ?"

"ಒಟ್ಟಿಗೆ ಅಷ್ಟು ನುಂಗಬಾರದು. ಲಿವರಿಗೆ..."

"ಒಂದು ದಿನಕ್ಕೆ ಏನಾಗುತ್ತೆ? ನೀವು ಹೇಳಿದ್ದೆಲ್ಲ ಮಾಡಿದ್ದೀನಿ. ಇದೊಂದು ನಾನೇ ಕಂಡುಹಿಡಿದಿದ್ದು. ಇದನ್ನೂ ಬೇಡ ಅಂದ್ರೆ?"

ಅವಳ ಮುಖದಲ್ಲಿ ಆರು ದಿನದಿಂದ ಇಲ್ಲದ ಕಳೆ ಇತ್ತು. ಅದು ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಡಬ್ಬಿಯನ್ನು ಸುಮ್ಮನೆ ಬದಲಾಯಿಸಿದರೆ ಅವಳು ಕಾಫಿಯನ್ನೂ ಕುಡಿಯುತ್ತಾಳೆ, ನಾಲ್ಕು ಮಾತ್ರೆಯನ್ನೂ ನುಂಗುತ್ತಾಳೆ; ಆರಾದರೂ ಆಗಬಹುದು. ಮಾತ್ರೆ ಯಾಕೆ ಕೆಲಸ ಮಾಡಿತು ಎಂದು ಹೇಳದೆ ಅದನ್ನು ಬಿಡಿಸುವುದು ಸಾಧ್ಯವಿರಲಿಲ್ಲ. ತೀರ್ಥ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದ. ಒಲೆಯ ಮುಂದೆ ಪೊನ್ನಮ್ಮ ಅಕ್ಕಿರೊಟ್ಟಿ ಸುಡುತ್ತಿದ್ದರು. ಅವನು ಚೀಲದಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟ.

"ಇದು ಆಫೀಸಲ್ಲೇ ಇತ್ತು," ಎಂದ. "ನೀವು ಕುಡಿತಿದ್ದದ್ದು ಅಂಗಡಿ ಕಾಫಿಪುಡಿ ಅಲ್ಲ. ಚಿಕೋರಿ."

ಆಮೇಲೆ ಉಳಿದದ್ದನ್ನೆಲ್ಲ ಹೇಳಿದ. ಮೂವತ್ತೊಂದನೇ ಪುಟ, ಕೆಲವರ ಅಭಿಪ್ರಾಯ, ದೀಪಕ್ ಸಾರ್ ಹೇಳಿದ್ದು, ಮಾತ್ರೆಯ ಪಟ್ಟಿಯ ಮೇಲಿದ್ದದ್ದು. ಹೇಳುತ್ತ ಹೇಳುತ್ತ ನೋಟ್ಸನ್ನು ತೆರೆದು ತೋರಿಸಲು ಹೋದ. ಯಾರೂ ಅದರ ಕಡೆ ನೋಡಲಿಲ್ಲ. ಕಾವಲಿಯ ಮೇಲಿನ ರೊಟ್ಟಿ ಕರಕಾಯಿತು.

"ಎಷ್ಟು ದಿನ ಆಯ್ತು?" ರಂಜಿತಾಳ ದನಿ ಮೆಲ್ಲಗಿತ್ತು.

"ಆರು."

"ಆರು ದಿನ ನಾನು ನನ್ನ ಕಾಲಿಗೆ ಬೈತಿದ್ದೆ. ನೀವು ಪಕ್ಕದಲ್ಲೇ ವಾಚ್ ಹಿಡ್ಕೊಂಡು ನಿಂತಿದ್ರಿ."

"ಹೇಳಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ. ನಕ್ಕೊಂಡೇ ಕಾಫಿ ಬಿಡ್ತಿದ್ದೆ. ಬೀಟ್‌ರೂಟ್ ಕುಡೀಲಿಲ್ವಾ ನಾನು? ನಿಮ್ಮ ಯಾವ ಮಾತು ಮೀರಿದ್ದೀನಿ?"

ಪೊನ್ನಮ್ಮ ಕರಕಾದ ರೊಟ್ಟಿಯನ್ನು ಕಾವಲಿಯಿಂದ ಕಿತ್ತು ಮಗನ ತಟ್ಟೆಗೆ ಹಾಕಿದರು.

"ಅದ್ಕೆ ಓಟದ ಪರೀಕ್ಷೆ," ಎಂದರು, ಸೊಸೆಯತ್ತ ತಲೆಯಾಡಿಸಿ. "ನನ್ನ ತಲೆಬೇನೆಗೆ ಎಂಥ ಪರೀಕ್ಷೆ ಇತ್ತ್, ಹೇಳ್?"

ಬೇರೆ ದಿನವಾಗಿದ್ದರೆ ರಂಜಿತಾ ನಗುತ್ತಿದ್ದಳು. ಅವಳು ಮಾತ್ರೆಯ ಪಟ್ಟಿಯನ್ನು ಒಲೆಗೆ ಹಾಕಿ, ಡಬ್ಬಿ ತೆಗೆದುಕೊಂಡು ಅತ್ತೆಯ ಕೈಗೆ ಕೊಟ್ಟಳು. "ಇನ್ಮೇಲೆ ನೀವೇ ಮಾಡಿ ಅತ್ತೆ. ಪರೀಕ್ಷೆಗೂ ನೀವೇ ಬನ್ನಿ." ಗಂಡನ ಕಡೆ ತಿರುಗದೆ, "ಇವರು ಬೇಡ," ಎಂದಳು.

ಮುಂದಿನ ಎರಡು ದಿನ ಅವಳು ಓಡಲಿಲ್ಲ, ಸುಮ್ಮನೆ ನಡೆದಳು. ಅದೇ ಸರಿ, ಕೊನೆಯ ದಿನಗಳಲ್ಲಿ ಕಾಲಿಗೆ ವಿಶ್ರಾಂತಿ ಬೇಕು ಎಂದು ಹೇಳಬೇಕೆನಿಸಿತು ತೀರ್ಥನಿಗೆ. ಹೇಳಲಿಲ್ಲ. ರಾತ್ರಿಯ ಊಟಕ್ಕೆ ಪೊನ್ನಮ್ಮ ಹಂದಿಮಾಂಸ ಮಾಡಿದಾಗ, ಕೊಬ್ಬು ಹೆಚ್ಚಾದರೆ ಬೆಳಿಗ್ಗೆ ಹೊಟ್ಟೆ ಭಾರ ಎಂದು ಹೇಳಬೇಕೆನಿಸಿತು. ಅದನ್ನೂ ಹೇಳಲಿಲ್ಲ, ರಂಜಿತಾ ತಾನಾಗಿಯೇ ಎರಡು ತುಂಡಿಗೆ ಸಾಕೆಂದಳು. ಅಷ್ಟಕ್ಕೇ ಅವನ ಕಣ್ಣು ತುಂಬಿತು.

ಪರೀಕ್ಷೆಯ ದಿನ ಅತ್ತೆ ಸೊಸೆ ಮೊದಲ ಬಸ್ಸಿಗೆ ಪೊನ್ನಂಪೇಟೆಗೆ ಹೋದರು. ತೀರ್ಥ ಹಾಜರಿ ತೆಗೆದ. ಬರಬೇಡ ಎಂದಿದ್ದಾಳೆ. ಹೋದರೆ ಅವಳ ಮನಸ್ಸು ಕೆಡಬಹುದು. ಹೋಗದಿದ್ದರೆ, ಇವನಿಗೆ ಅಷ್ಟೂ ಬೇಡವಾಯಿತೇ ಎಂದುಕೊಳ್ಳಬಹುದು. ಹಾಜರಿ ಪುಸ್ತಕ ಮುಚ್ಚಿ ಸ್ಕೂಟರ್ ಹತ್ತಿದ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ವಾಪಸು ತಿರುಗಿಸಲು ನೋಡಿದ.

ಮೈದಾನ ಮಂಜಿನಲ್ಲಿ ಮುಳುಗಿತ್ತು. ತಂತಿಬೇಲಿಯ ಈಚೆ ಜನ ನಿಂತಿದ್ದರು. ಕಟ್ಟೆಯ ಮೇಲೆ ಪೊನ್ನಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಬಂದೆಯಾ," ಎಂದರು, ತಲೆಯೆತ್ತದೆ. "ಕೂರ್. ಗೂಡೆಯ ಕಣ್ಣಿಗೆ ಬೀಳಬೇಡ."

"ಎಂಥ ತಿಂದಿದ್ದಾಳೆ?"

"ಬಾಳೆಹಣ್ಣು. ಕಾಫಿ, ಮಾಮೂಲಿ. ಇನ್ನೆಂಥ ಕೇಳ್ರೂ ನಾ ಹೇಳೆ."

ಏಳೂವರೆಗೆ ಓಟ ಎಂದಿದ್ದರು. ಆದರೆ ಮಂಜಿನಲ್ಲಿ ಆಚೆ ಬದಿಯ ಬಾವುಟಗಳೇ ಕಾಣುತ್ತಿರಲಿಲ್ಲ. ಸಮಯ ಬರೆಯುವವರು ಕಾಯುವುದೇ ಒಳ್ಳೆಯದೆಂದು ನಿರ್ಧರಿಸಿದ್ದರು. ರಂಜಿತಾ ಏಳು ಗಂಟೆಗೇ ಬೆವರಿಳಿಯುವಂತೆ ಮೈ ಬಿಸಿ ಮಾಡಿಕೊಂಡಿದ್ದಳೆಂದು ಪೊನ್ನಮ್ಮ ಹೇಳಿದರು. ಈಗ ಒಂಬತ್ತಾಗಿತ್ತು. ಅರವತ್ತು ಎಪ್ಪತ್ತು ಹೆಣ್ಣುಮಕ್ಕಳು ತೆಳ್ಳಗಿನ ಬನಿಯನ್ನಿನಲ್ಲಿ ಒದ್ದೆ ಹುಲ್ಲಿನ ಮೇಲೆ ಕೂತಿದ್ದರು. ರಂಜಿತಾ ಮೊಣಕಾಲು ತಬ್ಬಿಕೊಂಡಿದ್ದಳು. ತೀರ್ಥನಿಗೆ ತನ್ನ ತೊಡೆಯ ಸ್ನಾಯುಗಳೇ ಹೆಪ್ಪುಗಟ್ಟುತ್ತಿರುವಂತೆ ಅನಿಸಿತು. ಎರಡು ಗಂಟೆಯ ಹಿಂದಿನ ಬಿಸಿ ಈಗ ಲೆಕ್ಕಕ್ಕಿಲ್ಲ. ಆ ಹತ್ತು ನಿಮಿಷವನ್ನು ಮತ್ತೆ ಮಾಡಬೇಕು. ಯಾವಾಗ? ಬೇಗ ಮಾಡಿದರೆ ಮತ್ತೆ ತಣ್ಣಗಾಗುತ್ತದೆ, ತಡವಾದರೆ ದಣಿವು ಉಳಿಯುತ್ತದೆ. ಕೂಗಿ ಹೇಳಲೇ? ಹೇಳಿದ್ದು ಮತ್ತೆ ತಪ್ಪಾದರೆ? ಅವನು ಬೇಲಿಯ ತಂತಿ ಹಿಡಿದು ನಿಂತ. ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋದ. ಮತ್ತೆ ಬಂದು ಹಿಡಿದ.

ರಂಜಿತಾ ನೋಡಿದಳು. ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಬೇರೆ ಯಾವುದೋ ಕೆಲಸವಿದ್ದವಳ ಹಾಗೆ ಬೇಲಿಯ ಹತ್ತಿರ ಬಂದಳು.

"ಬರಬೇಡಿ ಅಂದಿದ್ದೆ."

"ಹೌದು."

"ಕಾಲು ಮರಗಟ್ಟಿದೆ. ಇನ್ನು ಎಷ್ಟು ಹೊತ್ತು ಅಂತ ಯಾರೂ ಹೇಳ್ತಿಲ್ಲ. ಏನು ಮಾಡ್ಲಿ?"

ಮೂವತ್ತೊಂದನೇ ಪುಟ, ನಲವತ್ತನೇ ಪುಟ, ಅಂಚಿನ ಟಿಪ್ಪಣಿಗಳು ಎಲ್ಲ ಒಟ್ಟಿಗೆ ತೀರ್ಥನ ತಲೆಗೆ ನುಗ್ಗಿ ಬಂದವು. ಅವನು ಅವನ್ನೆಲ್ಲ ಪಕ್ಕಕ್ಕೆ ತಳ್ಳಿ, ತಾನೇ ಮೂರು ತಿಂಗಳು ಕಣದಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಹುಡುಕಿದ.

"ಅವ್ವನ ಸ್ವೆಟರ್ ಹಾಕ್ಕೋ. ಕೂರಬೇಡ. ನಿಂತಲ್ಲೇ ಮೆಲ್ಲ ಮಂಡಿ ಎತ್ತುತ್ತ ಇರು, ಉಸಿರು ಏರಬಾರದು. ನಿನ್ನ ಗುಂಪಿನ ಹೆಸರು ಕರೆದ ಮೇಲೆ ಮೂರು ಚಿಕ್ಕ ಓಟ. ಅಷ್ಟೇ."

"ಖಂಡಿತನಾ? ಕೆಲವರ ಅಭಿಪ್ರಾಯನಾ?"

"ಇದು ಖಂಡಿತ."

ಅವಳು ಬೇಲಿಯ ಮೇಲಿಂದ ಕೈ ಚಾಚಿದಳು. ಪೊನ್ನಮ್ಮ ಸ್ವೆಟರ್ ಬಿಚ್ಚಿ ಕೊಟ್ಟರು.

ಮಂಜು ತೆಳುವಾಗತೊಡಗಿತು. ಸೀಟಿ ಹಿಡಿದಿದ್ದವರು ಕುಶಾಲಪ್ಪ ಎಂಬ ನಿವೃತ್ತ ಹವಾಲ್ದಾರರು. ಮೀಸೆಯ ಮೇಲೆ ಇಬ್ಬನಿ ಕೂತಿತ್ತು. ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತ ಬಂದವರು ರಂಜಿತಾಳ ಮುಂದೆ ನಿಂತರು.

"ಏಯ್ ಮುನ್ನೂರ ಹನ್ನೆರಡು, ಎಂಥ ಡ್ಯಾನ್ಸ್ ಅದು? ಸಾಲಲ್ಲಿ ನಿಲ್ಲಮ್ಮ."

"ಸಾಲಲ್ಲೇ ಇದ್ದೀನಿ ಸಾರ್. ಸಾಲು ಬಿಡದೆ ಕುಣೀತಿದ್ದೀನಿ."

ಸಾಲು ನಕ್ಕಿತು. ಹಿಂದಿನ ಹುಡುಗಿ ತಾನೂ ಮಂಡಿ ಎತ್ತಲು ಶುರು ಮಾಡಿದಳು, ಅವಳ ಹಿಂದಿನವಳೂ. ನೋಡುತ್ತಿದ್ದ ಹಾಗೆ ಅರ್ಧ ಸಾಲು ಕುಣಿಯುತ್ತಿತ್ತು. ಕುಶಾಲಪ್ಪ ಸೀಟಿಯನ್ನು ಬಾಯಿಗೆ ತಂದು, ಊದದೆ ಇಳಿಸಿದರು. "ನಮ್ಮ ರೆಜಿಮೆಂಟಲ್ಲಿ ಹೀಗೆ ಕುಣಿದಿದ್ರೆ ಗೊತ್ತಾಗ್ತಿತ್ತು ನಿಮಗೆ," ಎಂದು ಗೊಣಗಿ ಮುಂದೆ ಹೋದರು.

ಅವಳ ಗುಂಪಿನಲ್ಲಿ ಹದಿನೈದು ಮಂದಿ. ಮೂರು ಚಿಕ್ಕ ಓಟ ಓಡಿ, ಸ್ವೆಟರನ್ನು ಹು‍ಲ್ಲಿನ ಮೇಲೆಸೆದು ಅವಳು ಗೆರೆಗೆ ಬಂದಳು. ಸೀಟಿ.

ಮೈದಾನದ ಆಚೆ ತುದಿ ಇನ್ನೂ ಅರೆಬರೆ ಮಂಜಿನಲ್ಲಿತ್ತು. ಓಡುವವರು ಅಲ್ಲಿ ಹೋಗಿ ನೆರಳುಗಳಾಗುತ್ತಿದ್ದರು. ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಇಲ್ಲಿ ಎರಡೇ ಸುತ್ತು; ಮೊದಲನೆಯದು ಮುಗಿದಾಗ ರಂಜಿತಾ ಒಂಬತ್ತನೆಯವಳು. ತುಟಿ ಬಿಗಿದಿದ್ದಳು. ಹಿಂದೆ ಬಿದ್ದಳೇ? ಇಲ್ಲ, ಮುಂದಿನವರು ಮೊದಲೇ ಜಾಸ್ತಿ ಜೋರಾಗಿ ಓಡಿಬಿಟ್ಟರು. ಎರಡು ದಿನದ ಕಾಫಿ ಸಾಕಾಯಿತೇ? ಆರು ದಿನದ ಸುಸ್ತು ಮೂಳೆಯಲ್ಲಿ ಇನ್ನೂ ಇದೆಯೇ? ಆ ಆರು ದಿನ ಸರಿಯಾಗಿ ಓಡಿದ್ದರೆ ಈಗ ನಾಲ್ಕನೆಯವಳಾಗಿರುತ್ತಿದ್ದಳೇ? ಅವನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬೇಲಿಯ ಉದ್ದಕ್ಕೂ ಜನರ ನಡುವೆ ನುಗ್ಗುತ್ತ ಅವನೂ ಓಡತೊಡಗಿದ. ಯಾರದೋ ಕೊಡೆಗೆ ಎಡವಿದ, ಬೈಸಿಕೊಂಡ.

ಕೊನೆಯ ತಿರುವಿನಲ್ಲಿ ನೆರಳುಗಳು ಮತ್ತೆ ಮನುಷ್ಯರಾದವು. ಐದು, ಆರು, ಏಳು. ಏಳನೆಯವಳು ರಂಜಿತಾ. ತೋಳು ಅಡ್ಡಾದಿಡ್ಡಿ ಬೀಸುತ್ತ, ಅವನು ಕಲಿಸಿದ ಯಾವ ಶಿಸ್ತೂ ಇಲ್ಲದೆ, ಹಲ್ಲು ಕಚ್ಚಿ ಬರುತ್ತಿದ್ದಳು. ಗೆರೆಯ ಹತ್ತಿರ ಇನ್ನೊಬ್ಬಳನ್ನು ದಾಟಿದಳು.

ಸಮಯ ಓದಲು ಹತ್ತು ನಿಮಿಷ ಬೇಕಾಯಿತು. ಕುಶಾಲಪ್ಪ ಕಾಗದ ಹಿಡಿದು ಒಂದೊಂದೇ ನಂಬರು ಕೂಗಿದರು. ಪೊನ್ನಮ್ಮ ಮಗನ ಅಂಗಿಯ ತೋಳು ಹಿಡಿದಿದ್ದರು, ಬಿಡಲಿಲ್ಲ.

"ಮುನ್ನೂರ ಹನ್ನೆರಡು. ಮೂರು ಇಪ್ಪತ್ತೊಂಬತ್ತು. ಪಾಸ್."

ರಂಜಿತಾ ಬೇಲಿಯವರೆಗೆ ಬಂದು ತಂತಿಗೆ ಒರಗಿದಳು. ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಪೊನ್ನಮ್ಮ ಬೇಲಿಯ ಸಂದಿಯಿಂದ ಅವಳ ಕೆನ್ನೆ ಮುಟ್ಟಿ, ಸ್ವೆಟರ್ ಎಲ್ಲಿ ಬಿಸಾಡಿದ್ದು ಎಂದು ಬೈದರು.

"ಹೇಳಿ," ಎಂದಳು ರಂಜಿತಾ ಗಂಡನಿಗೆ. "ಯಾವುದರಿಂದ ಆಯ್ತು? ಕಾಫಿಗಾ? ಮಂಡಿ ಎತ್ತಿದ್ದಕ್ಕಾ? ನಿಮ್ಮ ಮೇಲಿನ ಸಿಟ್ಟಿಗಾ?"

ತೀರ್ಥ ಬಾಯಿ ತೆರೆದ. ಹೇಳಲು ಬೇಕಾದಷ್ಟಿತ್ತು.

"ಗೊತ್ತಿಲ್ಲ," ಎಂದ.

"ಇನ್ನೊಂದು ಸಲ ಹೇಳಿ."

"ಗೊತ್ತಿಲ್ಲ ರಂಜಿತಾ."

ಅವಳ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹೋಗಲು ದಿನ ಬೇಕಿತ್ತು, ಅದು ಅವನಿಗೂ ಕಂಡಿತು. "ಶುಕ್ರವಾರ ನಡಿಗೆ," ಎಂದಳು. "ಅಷ್ಟರೊಳಗೆ ಆ ನೋಟ್ಸು ನಂಗೆ ಕೊಡಿ. ನಾನೂ ಓದ್ಬೇಕು. ಅರ್ಥ ಆಗದಿದ್ರೆ ಕೇಳ್ತೀನಿ, ಆಗ ಹೇಳಿ."

"ಕೊಡ್ತೇನೆ."

ಅವಳು ಇನ್ನೂ ತಂತಿಗೆ ಒರಗಿ ನಿಂತೇ ಇದ್ದಳು. ತೀರ್ಥ ಏನೋ ಹೇಳಲು ಹೋಗಿ, ಅವಳ ಕಾಲಿನ ಕಡೆ ನೋಡಿದ.

"ಏನೋ ಹೇಳ್ಬೇಕು ನಿಮಗೆ," ಎಂದಳು ಅವಳು. "ಹೇಳಿಬಿಡಿ. ಒಳಗೆ ಇಟ್ಕೋಬೇಡಿ."

"ಓಡಿದ ಕೂಡಲೇ ನಿಲ್ಲಬಾರದು. ಮೆಲ್ಲಗೆ ನಡೀಬೇಕು."

ರಂಜಿತಾ ತಂತಿ ಬಿಟ್ಟು, ಗೇಟಿನ ಕಡೆಗೆ ಮೆಲ್ಲಗೆ ನಡೆಯತೊಡಗಿದಳು. ಬೇಲಿಯ ಈಚೆ ತೀರ್ಥ ಅವಳ ಹೆಜ್ಜೆಗೆ ಹೆಜ್ಜೆ ಸರಿಯಾಗಿ ಹಾಕಲು ನೋಡುತ್ತ, ಎರಡು ಸಲ ತಪ್ಪಿ, ಜೊತೆಗೆ ನಡೆದ.